ಮೇಲೇರಿದ ಬೂದಿ ಎಲ್ಲಿ ಇಳಿಯಿತು?

1953ರ ಏಪ್ರಿಲ್ 26, ಭಾನುವಾರ ರಾತ್ರಿ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಟ್ರಾಯ್ ಎಂಬ ಊರಿನಲ್ಲಿ ಗುಡುಗು ಸಿಡಿಲಿನೊಂದಿಗೆ ಜೋರು ಮಳೆ. ವಸಂತದಲ್ಲಿ ಅಲ್ಲಿ ಅದೇನು ಹೊಸದಲ್ಲ. ಆದರೆ ಮರುದಿನ ಬೆಳಿಗ್ಗೆ ಊರಿನ ರೆನ್ಸಲೇರ್ ಪಾಲಿಟೆಕ್ನಿಕ್ ಸಂಸ್ಥೆಯ ಪ್ರಯೋಗಾಲಯದಲ್ಲಿ ಗೈಗರ್ ಕೌಂಟರುಗಳು ಒಂದೇ ಸಮನೆ ಟಿಕ್‌ಟಿಕ್ ಎನ್ನತೊಡಗಿದವು. ಯಾರೋ ವಿಕಿರಣ ವಸ್ತು ಚೆಲ್ಲಿರಬೇಕೆಂದು ಹುಡುಕಿದರೆ ಒಳಗೆ ಏನೂ ಇಲ್ಲ. ಉಪಕರಣವನ್ನು ಹೊರಗೆ ಒಯ್ದಷ್ಟೂ ಸದ್ದು ಹೆಚ್ಚಾಯಿತು. ನೀರು ನಿಂತ ಹೊಂಡ, ಮಳೆ ಇಳಿದ ಛಾವಣಿ, ನೆನೆದ ಗಿಡದೆಲೆ, ಎಲ್ಲದರಲ್ಲೂ ವಿಕಿರಣ.

ಅದರ ಮೂಲ ಪತ್ತೆಯಾಗಲು ತಡವಾಗಲಿಲ್ಲ. ಹಿಂದಿನ ದಿನ, ಶನಿವಾರ, ದೇಶದ ಇನ್ನೊಂದು ತುದಿಯ ನೆವಾಡಾ ಮರುಭೂಮಿಯಲ್ಲಿ ‘ಸೈಮನ್’ ಎಂಬ ಹೆಸರಿನ 43 ಕಿಲೋಟನ್ ಬಾಂಬನ್ನು ಗೋಪುರದ ಮೇಲಿಟ್ಟು ಸಿಡಿಸಿದ್ದರು. ಅದರ ಮೋಡ ಸುಮಾರು 3,700 ಕಿ.ಮೀ. ಹಾರಿಬಂದು, ದಾರಿಯಲ್ಲಿ ಸಿಕ್ಕ ಗುಡುಗುಮೋಡದೊಳಗೆ ಹೊಕ್ಕು, ಮಳೆಯ ಜತೆ ಟ್ರಾಯ್ ಮೇಲೆ ಇಳಿದಿತ್ತು. ನಡುವಿನ ಎಷ್ಟೋ ರಾಜ್ಯಗಳ ಜನ ಪಾರಾಗಿದ್ದರು. ಅವರ ಕಡೆ ಅಂದು ಮಳೆ ಬಂದಿರಲಿಲ್ಲ, ಅಷ್ಟೆ.

ಬಾಂಬ್ ಸಿಡಿದ ಜಾಗದಲ್ಲಿ ಏನಾಗುತ್ತದೆ ಎಂಬುದು ನಮಗೆಲ್ಲ ಹಿರೋಶಿಮಾದಿಂದ ಗೊತ್ತು. ಸಿಡಿದ ಮೇಲೆ ಉಳಿಯುವ ಬೂದಿ ಎಷ್ಟು ಎತ್ತರಕ್ಕೆ ಹೋಗುತ್ತದೆ, ಎಷ್ಟು ಕಾಲ ಅಲ್ಲಿರುತ್ತದೆ, ಕೊನೆಗೆ ಯಾರ ಹೊಲದ ಮೇಲೆ ಬೀಳುತ್ತದೆ ಎಂಬ ಕತೆ ಅಷ್ಟಾಗಿ ಪರಿಚಿತವಲ್ಲ. ಆ ಕತೆಯಲ್ಲಿ ಒಂದು ವಿಚಿತ್ರವಿದೆ. ಈ ಲೆಕ್ಕ ಮೊದಲೇ ತಿಳಿದಿದ್ದು ಬಾಂಬ್ ಸಿಡಿಸಿದ್ದಲ್ಲ. ಸಿಡಿಸಿದ ಮೇಲೆ, ಬಿದ್ದ ಬೂದಿಯನ್ನೇ ಬೆನ್ನಟ್ಟಿ ಲೆಕ್ಕ ಕಲಿತರು.

ಎತ್ತರವೇ ಹಣೆಬರಹ

ಬಾಂಬ್ ಸಿಡಿದಾಗ ಅದರ ಕವಚ, ಅದನ್ನಿಟ್ಟ ಗೋಪುರ, ನೆಲ ಹತ್ತಿರವಿದ್ದರೆ ಮಣ್ಣು, ಕಲ್ಲು ಎಲ್ಲವೂ ಆವಿಯಾಗುತ್ತವೆ. ಬೆಂಕಿಯುಂಡೆ ಮೇಲೇರುತ್ತ ತಣಿದ ಹಾಗೆ ಆ ಆವಿ ಗಟ್ಟಿಯಾಗಿ ಕಣಗಳಾಗುತ್ತದೆ. ಯುರೇನಿಯಂ, ಪ್ಲುಟೋನಿಯಂ ಒಡೆದು ಹುಟ್ಟಿದ ಸ್ಟ್ರಾನ್ಷಿಯಂ, ಸೀಸಿಯಂ, ಅಯೊಡಿನ್ ಮೊದಲಾದ ವಿಕಿರಣಶೀಲ ಧಾತುಗಳು ಈ ಕಣಗಳಿಗೆ ಅಂಟಿಕೊಳ್ಳುತ್ತವೆ.

ದಪ್ಪ ಕಣಗಳು ಗಂಟೆಗಳೊಳಗೆ ಉದುರುತ್ತವೆ. 1954ರ ಮಾರ್ಚ್ 1ರಂದು ಪೆಸಿಫಿಕ್ ಸಾಗರದ ಬಿಕಿನಿ ಹವಳದ್ವೀಪದಲ್ಲಿ ಅಮೆರಿಕ ಸಿಡಿಸಿದ ‘ಕಾಸಲ್ ಬ್ರಾವೊ’ ಬಾಂಬು ಲೆಕ್ಕಾಚಾರದ ಎರಡು ಪಟ್ಟಿಗೂ ಹೆಚ್ಚು ಶಕ್ತಿ ತೋರಿತು, 15 ಮೆಗಾಟನ್. ಪುಡಿಯಾದ ಹವಳ ಬಿಳಿ ಬೂದಿಯಾಗಿ ರೊಂಗೆಲಾಪ್ ದ್ವೀಪದ ಜನರ ಮೇಲೆ ಸುರಿಯಿತು. ದೂರದಲ್ಲಿ ಟ್ಯೂನಾ ಹಿಡಿಯುತ್ತಿದ್ದ ಜಪಾನಿನ ‘ಫುಕುರ್ಯು ಮಾರು’ ದೋಣಿಯ 23 ಮಂದಿಯ ಮೇಲೂ ಸುರಿಯಿತು. ದೋಣಿಯ ರೇಡಿಯೊ ನಿರ್ವಾಹಕ ಐಕಿಚಿ ಕುಬೊಯಾಮಾ ಅದೇ ಸೆಪ್ಟೆಂಬರಿನಲ್ಲಿ ತೀರಿಕೊಂಡರು.

ಸಣ್ಣ ಕಣಗಳ ಹಾದಿ ಬೇರೆ. ಶಾಲೆಯಲ್ಲಿ ಓದಿದ ವಾಯುಮಂಡಲದ ಪದರಗಳನ್ನು ಒಮ್ಮೆ ನೆನಪಿಸಿಕೊಳ್ಳೋಣ. ನೆಲಕ್ಕೆ ತಾಗಿದ್ದು ಪರಿವರ್ತನ ಮಂಡಲ. ಮೋಡ, ಮಳೆ, ಬಿರುಗಾಳಿ ಎಲ್ಲ ಇಲ್ಲೇ. ಇಲ್ಲಿಗೆ ಸೇರಿದ ದೂಳು ಕೆಲವು ದಿನ, ಹೆಚ್ಚೆಂದರೆ ಕೆಲವು ವಾರ ತೇಲಿ ಮಳೆಯಲ್ಲಿ ತೊಳೆದುಹೋಗುತ್ತದೆ. ಟ್ರಾಯ್‌ನಲ್ಲಿ ಆಗಿದ್ದು ಇದೇ. 1986ರಲ್ಲಿ ಚೆರ್ನೋಬಿಲ್‌ನಿಂದ ಹೊರಟಿದ್ದರ ಬಹುಪಾಲೂ ಹೀಗೆಯೇ ಯುರೋಪಿನ ಮಳೆಯಲ್ಲಿ ಇಳಿಯಿತು.

ಅದರ ಮೇಲಿನದು ಸಮೋಷ್ಣ ಮಂಡಲ, ಅಂದರೆ ಸ್ಟ್ರ್ಯಾಟೊಸ್ಫಿಯರ್. ಧ್ರುವಗಳ ಕಡೆ ಎಂಟೊಂಬತ್ತು ಕಿ.ಮೀ. ಎತ್ತರದಲ್ಲೇ ಅದು ಶುರುವಾಗುತ್ತದೆ. ಸಮಭಾಜಕದ ಆಸುಪಾಸಿನಲ್ಲಿ 16-17 ಕಿ.ಮೀ. ಏರಬೇಕು. ಅಲ್ಲಿನ ಓಝೋನ್ ಬಿಸಿಲಿನ ನೇರಳಾತೀತ ಕಿರಣವನ್ನು ಹೀರುವುದರಿಂದ ಮೇಲೆ ಹೋದಷ್ಟೂ ಗಾಳಿ ಬೆಚ್ಚಗಾಗುತ್ತದೆ. ಬೆಚ್ಚಗಿನದು ಮೇಲೆ, ತಣ್ಣಗಿನದು ಕೆಳಗೆ. ಹೀಗಿರುವಾಗ ಗಾಳಿ ಬುಡಮೇಲಾಗುವುದಿಲ್ಲ. ಮಳೆಯಂತೂ ಇಲ್ಲವೇ ಇಲ್ಲ. ಅಟ್ಟದ ಮೇಲೆ ಎಸೆದ ಸಾಮಾನಿನ ಹಾಗೆ, ಅಲ್ಲಿಗೆ ಹೋದದ್ದು ಯಾರಾದರೂ ಇಳಿಸುವವರೆಗೆ ಅಲ್ಲೇ.

ಕಿಲೋಟನ್ ಲೆಕ್ಕದ ಬಾಂಬುಗಳ ಬೂದಿ ಬಹುತೇಕ ಕೆಳಪದರದಲ್ಲೇ ಉಳಿಯುತ್ತಿತ್ತು. 1952ರಿಂದ ಹೈಡ್ರೋಜನ್ ಬಾಂಬುಗಳು ಬಂದವು. ಬ್ರಾವೊ ಮೋಡದ ನೆತ್ತಿ ಸುಮಾರು 40 ಕಿ.ಮೀ. ತಲುಪಿತ್ತು. ಅಷ್ಟು ಎತ್ತರದ ಗಾಳಿಯ ಓಡಾಟ ಹೇಗೆಂದು ಆಗ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ.

ಲಿಬ್ಬಿಯ ಸಮಾಧಾನ

ಭಯ ಹುಟ್ಟಿಸಿದ್ದು ಮುಖ್ಯವಾಗಿ ಒಂದು ಧಾತು, ಸ್ಟ್ರಾನ್ಷಿಯಂ-90. ರಾಸಾಯನಿಕವಾಗಿ ಅದು ಕ್ಯಾಲ್ಸಿಯಂನ ದಾಯಾದಿ. ಹುಲ್ಲಿನಿಂದ ಹಸುವಿಗೆ, ಹಸುವಿನ ಹಾಲಿನಿಂದ ಮಗುವಿಗೆ, ಮಗುವಿನ ಹೊಟ್ಟೆಯಿಂದ ಮೂಳೆಗೆ ಹೋಗಿ ಕೂರುತ್ತದೆ. ಸುಮಾರು 29 ವರ್ಷಕ್ಕೆ ಅರ್ಧದಷ್ಟು ಮಾತ್ರ ಕರಗುತ್ತದೆ.

ಅಮೆರಿಕದ ಪರಮಾಣು ಶಕ್ತಿ ಆಯೋಗ 1953ರಲ್ಲಿ ‘ಪ್ರಾಜೆಕ್ಟ್ ಸನ್‌ಶೈನ್’ ಎಂಬ ಗುಪ್ತ ಅಧ್ಯಯನ ಶುರುಮಾಡಿತು. ಜಗತ್ತಿನ ಮಣ್ಣು, ಹಾಲು, ಮಳೆನೀರಿನ ಜತೆ ಮನುಷ್ಯರ ಮೂಳೆಗಳನ್ನೂ ಸಂಗ್ರಹಿಸಿದರು. ಸತ್ತು ಹುಟ್ಟಿದ ಶಿಶುಗಳ ಮೂಳೆಗಳೂ ಅದರಲ್ಲಿದ್ದವು, ಹೆತ್ತವರ ಒಪ್ಪಿಗೆ ಕೇಳದೆಯೇ ತಂದವೂ ಇದ್ದವು. ಈ ವಿವರಗಳು ಹೊರಬಿದ್ದದ್ದು 1990ರ ದಶಕದಲ್ಲಿ. ಇಂಥ ಕೆಲಸಕ್ಕೆ ‘ಬಿಸಿಲು’ ಎಂದು ಹೆಸರಿಟ್ಟವರ ಧೈರ್ಯಕ್ಕೆ ಏನು ಹೇಳುವುದು!

ಯೋಜನೆಯ ಹಿಂದಿದ್ದ ಮುಖ್ಯ ತಲೆ ವಿಲ್ಲಾರ್ಡ್ ಲಿಬ್ಬಿ. ಇಂಗಾಲ-14 ಬಳಸಿ ಹಳೆಯ ವಸ್ತುಗಳ ವಯಸ್ಸು ಹೇಳುವ ವಿಧಾನ ಕಂಡುಹಿಡಿದು 1960ರಲ್ಲಿ ನೊಬೆಲ್ ಪಡೆದವರು ಇವರೇ. 1954ರಿಂದ 1959ರವರೆಗೆ ಆಯೋಗದ ಸದಸ್ಯರಾಗಿದ್ದರು. ಸಮೋಷ್ಣ ಮಂಡಲ ಸೇರಿದ ಬೂದಿ ಅಲ್ಲಿ ಐದರಿಂದ ಹತ್ತು ವರ್ಷ ಇರುತ್ತದೆ, ಅಷ್ಟರಲ್ಲಿ ಇಡೀ ಭೂಮಿಯ ಮೇಲೆ ಸಮನಾಗಿ ಬೆರೆಯುತ್ತದೆ, ನಿಧಾನವಾಗಿ, ತೆಳುವಾಗಿ ಎಲ್ಲ ಕಡೆ ಇಳಿಯುತ್ತದೆ ಎಂಬುದು ಅವರ ವಾದ.

ಇದು ಬರೀ ಹವಾಮಾನದ ಪ್ರಶ್ನೆಯಾಗಿರಲಿಲ್ಲ. ಬೂದಿ ಹೆಚ್ಚು ಕಾಲ ಮೇಲಿದ್ದರೆ ಬೇಗ ಕರಗುವ ಧಾತುಗಳು ಅಲ್ಲೇ ಕರಗಿಹೋಗುತ್ತವೆ. ಸಮನಾಗಿ ಹರಡಿದರೆ ಯಾರ ಪಾಲಿಗೂ ಜಾಸ್ತಿ ಬರುವುದಿಲ್ಲ. ಅಂದರೆ ಪರೀಕ್ಷೆ ಮುಂದುವರಿಸಬಹುದು. ಬೇಗ ಇಳಿದರೆ, ಅದೂ ಜನ ದಟ್ಟವಾಗಿರುವ ಕಡೆಯೇ ಇಳಿದರೆ, ಇಡೀ ಸಮಾಧಾನವೇ ಕುಸಿಯುತ್ತದೆ. ಗಾಳಿ ಹೇಗೆ ಬೀಸುತ್ತದೆ ಎಂಬ ಒಂದು ಪ್ರಶ್ನೆಯ ಮೇಲೆ ಒಂದು ದೇಶದ ಬಾಂಬ್ ನೀತಿ ನಿಂತಿತ್ತು.

ಅಂಟು, ಬಲೂನು, ಕಾಗದ

ಉತ್ತರ ಬೇಕಾದರೆ ಅಳೆಯಬೇಕು. ಮೊದಲಿನ ಸಾಧನಗಳು ನೋಡಿದರೆ ನಗು ಬರುವಷ್ಟು ಸರಳ. ನ್ಯೂಯಾರ್ಕಿನಲ್ಲಿದ್ದ ಆಯೋಗದ ಆರೋಗ್ಯ ಮತ್ತು ಸುರಕ್ಷತಾ ಪ್ರಯೋಗಾಲಯ ಒಂದು ಚದರಡಿಯ ಅಂಟುಹಾಳೆಗಳನ್ನು ದೇಶವಿದೇಶದ ಹವಾಮಾನ ಕೇಂದ್ರಗಳಿಗೆ ಕಳಿಸುತ್ತಿತ್ತು. ಅಂಟಿನ ಬದಿ ಮೇಲೆ ಮಾಡಿ ಬಯಲಿನಲ್ಲಿ ಒಂದು ದಿನ ಇಡುವುದು, ಮರುದಿನ ಮಡಿಸಿ ಅಂಚೆಗೆ ಹಾಕುವುದು. ಅದನ್ನು ಸುಟ್ಟು, ಉಳಿದ ಬೂದಿಯ ವಿಕಿರಣ ಎಣಿಸುತ್ತಿದ್ದರು.

ಇದರಿಂದ ಬಿದ್ದಿದ್ದು ಎಷ್ಟೆಂದು ತಿಳಿಯಿತೇ ಹೊರತು ಮೇಲೆ ಎಷ್ಟಿದೆ ಎಂದು ತಿಳಿಯಲಿಲ್ಲ. ಅದಕ್ಕಾಗಿ 1956ರ ಸುಮಾರಿಗೆ ‘ಆಶ್‌ಕ್ಯಾನ್’ ಯೋಜನೆ ಬಂತು. ಹೆಸರಿನ ಅರ್ಥ ಬೂದಿಡಬ್ಬ. ಮಿನಿಯಾಪೊಲಿಸ್, ಟೆಕ್ಸಸ್‌ನ ಸ್ಯಾನ್ ಆ್ಯಂಜೆಲೊ, ಪನಾಮಾ, ಬ್ರೆಜಿಲ್‌ನ ಸಾವೊ ಪೌಲೊ, ಹೀಗೆ ಉತ್ತರದಿಂದ ದಕ್ಷಿಣಕ್ಕೆ ಸಾಲಾಗಿ ಆರಿಸಿದ ಊರುಗಳಿಂದ ದೈತ್ಯ ಬಲೂನುಗಳಲ್ಲಿ ಗಾಳಿ ಹೀರುವ ಯಂತ್ರಗಳನ್ನು 27 ಕಿ.ಮೀ.ವರೆಗೂ ಏರಿಸಿದರು.

ಮುಂದಿನ ವರ್ಷ ಈ ಕೆಲಸಕ್ಕೆ ವಿಮಾನವೂ ಬಂತು, ಯು-2. ಸೋವಿಯತ್ ಒಕ್ಕೂಟದ ಮೇಲೆ ಗೂಢಚರ್ಯೆಗೆ ಹೋಗಿ 1960ರಲ್ಲಿ ಹೊಡೆತ ತಿಂದು ಜಗತ್ಪ್ರಸಿದ್ಧವಾದ ಅದೇ ಬಗೆಯ ವಿಮಾನ. ಪೋರ್ಟೊ ರಿಕೊ, ಅಮೆರಿಕದ ಉತ್ತರ ಗಡಿ, ಅರ್ಜೆಂಟೀನಾದ ಎಝೈಝಾ ಮುಂತಾದ ನೆಲೆಗಳಿಂದ ಇವು ಅಕ್ಷಾಂಶಗಳಿಗೆ ಅಡ್ಡಲಾಗಿ, 20 ಕಿ.ಮೀ. ಎತ್ತರದಲ್ಲಿ, ಗಂಟೆಗಟ್ಟಲೆ ನೇರ ಹಾರುತ್ತಿದ್ದವು. ಅಲ್ಲಿ ಗಾಳಿಯ ಒತ್ತಡ ನೆಲದ ಮೇಲಿನದರ ಇಪ್ಪತ್ತರಲ್ಲಿ ಒಂದು ಪಾಲಿನಷ್ಟು. ಪೈಲಟ್ ಒತ್ತಡದ ಉಡುಪು ತೊಟ್ಟೇ ಕೂರಬೇಕು.

ವಿಮಾನದಲ್ಲಿದ್ದ ನಿಜವಾದ ಉಪಕರಣ ಒಂದು ಶೋಧಕ ಕಾಗದ. ಹೊರಗಿನ ಗಾಳಿ ಒಂದು ಕೊಳವೆಯಿಂದ ನುಗ್ಗಿ ಅದರ ಮೂಲಕ ಹಾದುಹೋಗಬೇಕು. ಒಂದಿಷ್ಟು ದೂರ ಹಾರಿದ ಮೇಲೆ ಹಳೆಯ ಕಾಗದ ಸರಿದು ಹೊಸದು ಬರುತ್ತದೆ. ಹೀಗೆ ಒಂದೇ ಹಾರಾಟದಲ್ಲಿ ಬೇರೆ ಬೇರೆ ಅಕ್ಷಾಂಶದ ಗಾಳಿ ಬೇರೆ ಬೇರೆ ಕಾಗದದ ಮೇಲೆ. ಇಳಿದ ಮೇಲೆ ಪ್ರತಿ ಕಾಗದಕ್ಕೂ ಜಾಗ, ಹೊತ್ತು ನಮೂದಿಸಿ ಪ್ರಯೋಗಾಲಯಕ್ಕೆ ಕಳಿಸುತ್ತಿದ್ದರು.

ಸ್ಟ್ರಾನ್ಷಿಯಂ-90 ಎಷ್ಟಿದೆ ಎಂದು ಕಂಡುಹಿಡಿಯಲು ತಾಳ್ಮೆ ಬೇಕು. ಕಾಗದವನ್ನು ಕರಗಿಸಿ ಸ್ಟ್ರಾನ್ಷಿಯಂ ಮಾತ್ರ ಬೇರ್ಪಡಿಸಿ ಎರಡು ವಾರ ಹಾಗೇ ಬಿಡುತ್ತಾರೆ. ಅಷ್ಟರಲ್ಲಿ ಅದರಿಂದ ಇಟ್ರಿಯಂ-90 ಎಂಬ ಮರಿ ಧಾತು ಹುಟ್ಟಿ ಸೇರಿರುತ್ತದೆ. ಆ ಮರಿಯನ್ನು ಪ್ರತ್ಯೇಕಿಸಿ ಅದರ ಬೀಟಾ ಕಿರಣ ಎಣಿಸಿ ತಾಯಿಯ ಲೆಕ್ಕ ಹಾಕುತ್ತಾರೆ. ಸುಮಾರು 50 ದಿನಕ್ಕೆ ಅರ್ಧವಾಗುವ ಸ್ಟ್ರಾನ್ಷಿಯಂ-89 ಜತೆಗೆ ಎಷ್ಟಿದೆ ಎಂದು ನೋಡಿದರೆ ಆ ಬೂದಿ ಹಳೆಯದೋ ಇತ್ತೀಚಿನದೋ ಎಂಬುದೂ ಗೊತ್ತಾಗುತ್ತಿತ್ತು.

ವಸಂತದಲ್ಲೇ ಏಕೆ?

ಅಂಕಿಗಳು ಸೇರುತ್ತ ಹೋದಂತೆ ಲಿಬ್ಬಿಯ ‘ಸಮನಾದ ಹಂಚಿಕೆ’ ಎಲ್ಲೂ ಕಾಣಲಿಲ್ಲ. ಬ್ರಿಟನ್ನಿನ ಹಾರ್ವೆಲ್ ಪರಮಾಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು 1957ರಲ್ಲೇ ಎರಡು ಸಂಗತಿ ತೋರಿಸಿದ್ದರು. ಒಂದು, ಉತ್ತರ ಗೋಳಾರ್ಧದ ನಡು ಅಕ್ಷಾಂಶಗಳಲ್ಲಿ ಬೀಳುವುದು ಬೇರೆಡೆಗಿಂತ ಜಾಸ್ತಿ. ಎರಡು, ಪ್ರತಿ ವಸಂತದಲ್ಲಿ ಅದು ಏರುತ್ತದೆ, ಬಾಂಬ್ ಯಾವ ತಿಂಗಳಲ್ಲಿ ಸಿಡಿದಿರಲಿ.

ಅಮೆರಿಕದ ಹವಾಮಾನ ಇಲಾಖೆಯ ಲೆಸ್ಟರ್ ಮಾಕ್ಟಾ ಇದಕ್ಕೆ ಕಾರಣ ಕೊಟ್ಟರು. ಅದಕ್ಕೆ ಆಧಾರವಾದದ್ದು ಬಾಂಬಿಗೂ ತಮಗೂ ಸಂಬಂಧವೇ ಇಲ್ಲದ ಇಬ್ಬರು ಇಂಗ್ಲಿಷ್ ವಿಜ್ಞಾನಿಗಳ ಕೆಲಸ. ಯುದ್ಧಕಾಲದಲ್ಲಿ ವಿಮಾನಗಳ ಹಿಂದೆ ಮೂಡುವ ಬಿಳಿಗೆರೆಯ ಗುಟ್ಟು ಹುಡುಕುತ್ತಿದ್ದ ಅಲನ್ ಬ್ರೂವರ್‌ಗೆ ಬ್ರಿಟನ್ನಿನ ಮೇಲಿನ ಸಮೋಷ್ಣ ಮಂಡಲದ ಗಾಳಿ ಅಚ್ಚರಿಯಾಗುವಷ್ಟು ಒಣಗಿರುವುದು ಕಂಡಿತ್ತು. ಅಷ್ಟು ಒಣಗಬೇಕಾದರೆ ಆ ಗಾಳಿ ಎಲ್ಲೋ ಕಡುಶೀತದಲ್ಲಿ ಹಾದುಬಂದಿರಬೇಕು. ಅಂಥ ಚಳಿ ಇರುವುದು ಉಷ್ಣವಲಯದ ನೆತ್ತಿಯಲ್ಲಿ, 16-17 ಕಿ.ಮೀ. ಎತ್ತರದಲ್ಲಿ. ಹಾಗಾದರೆ ಗಾಳಿ ಸಮಭಾಜಕದ ಬಳಿ ಮೇಲೇರಿ, ಧ್ರುವಗಳ ಕಡೆ ಸಾಗಿ, ಅಲ್ಲಿ ಇಳಿಯುತ್ತದೆ ಎಂದು 1949ರಲ್ಲಿ ಬ್ರೂವರ್ ಹೇಳಿದರು. ಓಝೋನ್ ಹೆಚ್ಚಾಗಿ ತಯಾರಾಗುವುದು ಉಷ್ಣವಲಯದ ಮೇಲಾದರೂ ದಟ್ಟವಾಗಿ ಕಾಣುವುದು ಉತ್ತರದ ತಂಪು ನಾಡುಗಳ ಮೇಲೆ, ಅದೂ ವಸಂತದಲ್ಲಿ. ಆಕ್ಸ್‌ಫರ್ಡಿನ ಗಾರ್ಡನ್ ಡಾಬ್ಸನ್ ಇದಕ್ಕೂ ಅದೇ ಸುತ್ತಾಟ ಕಾರಣ ಎಂದರು. ಇಂದು ಅದಕ್ಕೆ ಬ್ರೂವರ್–ಡಾಬ್ಸನ್ ಪರಿಚಲನೆ ಎಂದು ಹೆಸರು.

ಓಝೋನ್ ಹೋಗುವ ದಾರಿಯಲ್ಲೇ ಬೂದಿಯೂ ಹೋಗುತ್ತದೆ ಎಂಬುದು ಮಾಕ್ಟಾ ವಾದ. ಚಳಿಗಾಲದಲ್ಲಿ ಗಾಳಿ ನಡು ಮತ್ತು ಮೇಲಿನ ಅಕ್ಷಾಂಶಗಳತ್ತ ಇಳಿದು ಗುಡ್ಡೆಯಾಗುತ್ತದೆ, ವಸಂತದಲ್ಲಿ ಕೆಳಪದರಕ್ಕೆ ಸೋರುತ್ತದೆ, ಅಲ್ಲಿಂದ ಮಳೆ ಇಳಿಸುತ್ತದೆ. ಅಮೆರಿಕ, ಯುರೋಪ್, ರಷ್ಯಾ ಇರುವುದೇ ಆ ಪಟ್ಟಿಯಲ್ಲಿ. ಬಾಂಬ್ ಸಿಡಿಸುವವರ ಗೋಧಿ ಹೊಲಗಳ ಮೇಲೇ ಬೂದಿ ಬರುತ್ತಿತ್ತು.

1959ರ ಮಾರ್ಚಿನಲ್ಲಿ ಇನ್ನೊಂದು ಗುಟ್ಟು ಹೊರಬಿತ್ತು. ಬೂದಿ ಸಮೋಷ್ಣ ಮಂಡಲದಲ್ಲಿ ನಿಲ್ಲುವ ಅವಧಿ ಸುಮಾರು ಎರಡು ವರ್ಷ ಎಂದು ಅಮೆರಿಕದ ರಕ್ಷಣಾ ಇಲಾಖೆಯೇ ಅಂದಾಜು ಮಾಡಿತ್ತು. ಲಿಬ್ಬಿಯವರ ವಾದ ಅಲ್ಲಿಗೆ ಸಡಿಲವಾಯಿತು.

ಸೋರಿಕೆ ಎಂದರೆ ಏನು ಎಂಬುದನ್ನು ಕಣ್ಣಿಗೆ ಕಾಣುವಂತೆ ತೋರಿಸಿದವರು ಹವಾಮಾನ ವಿಜ್ಞಾನಿ ಎಡ್ವಿನ್ ಡೇನಿಯಲ್‌ಸನ್. ಎತ್ತರದಲ್ಲಿ ರಭಸದಿಂದ ಬೀಸುವ ಜೆಟ್ ಪ್ರವಾಹದ ಅಂಚಿನಲ್ಲಿ ಮೇಲ್ಪದರದ ಗಾಳಿ ತೆಳುವಾದ ನಾಲಿಗೆಯಾಗಿ ಕೆಳಪದರದೊಳಗೆ ಚಾಚಿಕೊಳ್ಳುತ್ತದೆ. 1960ರ ದಶಕದ ಮೊದಲಲ್ಲಿ ಅವರ ತಂಡದ ವಿಮಾನಗಳು ಆ ನಾಲಿಗೆಯೊಳಗೇ ಹಾರಿ, ಬಾಂಬ್ ಬೂದಿ ಮತ್ತು ಓಝೋನ್ ಎರಡೂ ಒಟ್ಟಿಗೆ ಏರುವುದನ್ನು ಅಳೆದವು.

ಬಾಂಬಿಗೆ ಬೆರೆಸಿದ ಟಂಗ್‌ಸ್ಟನ್

ಒಂದು ತೊಡಕು ಉಳಿದಿತ್ತು. ಅಮೆರಿಕ, ಸೋವಿಯತ್, ಬ್ರಿಟನ್ ಮೂವರೂ ಸಿಡಿಸುತ್ತಿರುವಾಗ ಮೇಲಿರುವುದು ಯಾರ ಬೂದಿ ಎಂದು ಹೇಳುವುದು ಹೇಗೆ?

1958ರ ಬೇಸಿಗೆಯಲ್ಲಿ ಅಮೆರಿಕ ನಡೆಸಿದ ‘ಹಾರ್ಡ್‌ಟ್ಯಾಕ್’ ಪರೀಕ್ಷಾ ಸರಣಿಯ ಕೆಲವು ಬಾಂಬುಗಳಿಂದ ಟಂಗ್‌ಸ್ಟನ್-185 ಹೊರಬಿತ್ತು. 75 ದಿನಕ್ಕೆ ಅರ್ಧವಾಗುವ ಈ ಧಾತು ಬೇರೆ ಯಾರ ಬಾಂಬಿನಲ್ಲೂ ಇರಲಿಲ್ಲ. ಅದು ಕಂಡಲ್ಲೆಲ್ಲ ಇದು ಪೆಸಿಫಿಕ್‌ನಲ್ಲಿ, ಸಮಭಾಜಕದಿಂದ 11 ಡಿಗ್ರಿ ಉತ್ತರದಲ್ಲಿ, ಇಂಥ ತಿಂಗಳು ಹೊರಟಿದ್ದು ಎಂದು ಖಚಿತವಾಗಿ ಹೇಳಬಹುದಿತ್ತು. ಯು-2 ಕಾಗದಗಳು ತೋರಿಸಿದ ಚಿತ್ರ ಬ್ರೂವರ್ ಹೇಳಿದಷ್ಟು ಸರಳವಾಗಿರಲಿಲ್ಲ. ಟಂಗ್‌ಸ್ಟನ್ನಿನ ದಟ್ಟ ಭಾಗ ತಿಂಗಳುಗಟ್ಟಲೆ ಉಷ್ಣವಲಯದ ಮೇಲೆ 20 ಕಿ.ಮೀ. ಸುಮಾರಿನಲ್ಲೇ ನಿಂತಿತ್ತು. ಅದರ ಅಂಚುಗಳು ಎರಡೂ ಧ್ರುವಗಳ ಕಡೆ ಓರೆಯಾಗಿ ಕೆಳಗಿಳಿಯುತ್ತ ಹರಡಿದ್ದವು. ಮೇಲೇರಿ ಸುತ್ತಿ ಇಳಿಯುವ ನಿಧಾನ ಚಲನೆಯ ಜತೆಗೆ, ಅಡ್ಡಡ್ಡಲಾಗಿ ಗಾಳಿ ಕಲೆಸಿಹೋಗುವುದೂ ಅಷ್ಟೇ ಮುಖ್ಯ ಎಂದು ಇದರಿಂದ ತಿಳಿಯಿತು.

ಹೀಗೆ ಎತ್ತರ, ಅಕ್ಷಾಂಶ, ಋತು ಮೂರೂ ಸೇರಿ ಬೂದಿಯ ಆಯುಷ್ಯ ನಿರ್ಧರಿಸುತ್ತವೆ. ಉಷ್ಣವಲಯದಲ್ಲಿ ಮೇಲೇರಿದ್ದು ವರ್ಷಗಟ್ಟಲೆ ನಿಲ್ಲುತ್ತದೆ. ಸೋವಿಯತ್ ಒಕ್ಕೂಟ ಆರ್ಕ್ಟಿಕ್‌ನ ನೋವಾಯಾ ಝೆಮ್ಲ್ಯಾದಲ್ಲಿ ಸಿಡಿಸಿದ ಬಾಂಬುಗಳ ಬೂದಿ, ಕೆಳ ಸಮೋಷ್ಣ ಮಂಡಲದಲ್ಲಿದ್ದದ್ದು, ಮುಂದಿನ ವಸಂತಕ್ಕೇ ಇಳಿಯಿತು.

ಅದೇ 1958ರಲ್ಲಿ ಜಾನ್‌ಸ್ಟನ್ ದ್ವೀಪದ ಮೇಲೆ 43 ಕಿ.ಮೀ. ಎತ್ತರದಲ್ಲಿ ಸಿಡಿಸಿದ ‘ಆರೆಂಜ್’ ಬಾಂಬಿನ ಜತೆ ಇಂಥದೇ ಗುರುತಾಗಿ ರೋಡಿಯಂ-102 ಹೋಯಿತು. 1962ರ ಜುಲೈ 9ರಂದು 400 ಕಿ.ಮೀ. ಎತ್ತರದಲ್ಲಿ, ಬಾಹ್ಯಾಕಾಶ ಎನ್ನಬಹುದಾದ ಜಾಗದಲ್ಲಿ, ಸಿಡಿದ ‘ಸ್ಟಾರ್‌ಫಿಶ್ ಪ್ರೈಮ್’ ಜತೆ ಕ್ಯಾಡ್ಮಿಯಂ-109. ಎರಡನೆಯದು ಹವಾಯಿಯ ಬೀದಿದೀಪಗಳನ್ನು ಕೆಡಿಸಿದ್ದಕ್ಕೇ ಹೆಚ್ಚು ಹೆಸರಾಗಿದೆ.

ಕಕ್ಷೆ ತಲುಪದ ಉಪಗ್ರಹ

ತೀರಾ ಎತ್ತರದ ಗಾಳಿಯ ಬಗ್ಗೆ ಒಳ್ಳೆಯ ಪಾಠ ಕಲಿಸಿದ್ದು ಮಾತ್ರ ಬಾಂಬಲ್ಲ, ಒಂದು ಅಪಘಾತ.

1964ರ ಏಪ್ರಿಲ್ 21ರಂದು ಅಮೆರಿಕದ ನೌಕಾಪಡೆ ದಾರಿ ತೋರುವ ಉಪಗ್ರಹವೊಂದನ್ನು ಹಾರಿಸಿತು. ಅದರೊಳಗೆ ಸ್ನ್ಯಾಪ್-9ಎ ಎಂಬ ವಿದ್ಯುತ್ ಪೆಟ್ಟಿಗೆ. ಸುಮಾರು ಒಂದು ಕಿಲೋ ಪ್ಲುಟೋನಿಯಂ-238 ತಾನಾಗಿ ಕಾಯುತ್ತಿರುತ್ತದೆ, ಆ ಶಾಖದಿಂದ ವಿದ್ಯುತ್ ಬರುತ್ತದೆ. ರಾಕೆಟ್ ಕಕ್ಷೆ ತಲುಪಲಿಲ್ಲ. ಉಪಗ್ರಹ ಹಿಂದೂ ಮಹಾಸಾಗರದ ಪಶ್ಚಿಮ ಭಾಗದ ಮೇಲೆ ವಾಯುಮಂಡಲಕ್ಕೆ ಮರಳಿ ಬಿದ್ದು ಸುಟ್ಟುಹೋಯಿತು. ಹಾಗೆ ಸುಟ್ಟು ಚದುರಿಹೋಗುವಂತೆಯೇ ಪೆಟ್ಟಿಗೆಯನ್ನು ರೂಪಿಸಿದ್ದರು. ಒಂದೇ ಕಡೆ ಬೀಳುವ ಬದಲು ಎತ್ತರದಲ್ಲಿ ಪುಡಿಯಾಗಿ ಹರಡಿದರೆ ಅಪಾಯ ಕಡಿಮೆ ಎಂಬುದು ಆಗಿನ ತರ್ಕ.

ನಾಲ್ಕು ತಿಂಗಳ ನಂತರ 33 ಕಿ.ಮೀ. ಎತ್ತರದಲ್ಲಿ ಬಲೂನಿನ ಕಾಗದಕ್ಕೆ ಪ್ಲುಟೋನಿಯಂ-238 ಸಿಕ್ಕಿತು. ನಂತರದ ಹಾರಾಟಗಳಲ್ಲಿ ಅದು ವರ್ಷದಿಂದ ವರ್ಷಕ್ಕೆ ಕೆಳಗೆ ಬರುವುದನ್ನು ಹಿಂಬಾಲಿಸಿದರು. ನೆಲಮಟ್ಟದ ಗಾಳಿಯಲ್ಲಿ ಕಾಣಿಸುವ ಹೊತ್ತಿಗೆ 1966 ಬಂದಿತ್ತು. 1970ರ ಕೊನೆಯಲ್ಲಿ ಖಂಡಖಂಡಗಳಿಂದ ಮಣ್ಣು ತರಿಸಿ ನೋಡಿದಾಗ ಶೇ 95ರಷ್ಟು ಇಳಿದಾಗಿತ್ತು. ಅದರಲ್ಲಿ ಮುಕ್ಕಾಲು ಪಾಲಿಗೂ ಮಿಕ್ಕಿ ಬಿದ್ದದ್ದು ದಕ್ಷಿಣ ಗೋಳಾರ್ಧದಲ್ಲಿ. ಅದುವರೆಗೆ ಎಲ್ಲ ದೇಶಗಳ ಎಲ್ಲ ಬಾಂಬುಗಳಿಂದ ಭೂಮಿಗೆ ಸೇರಿದ್ದ ಪ್ಲುಟೋನಿಯಂ-238ಕ್ಕಿಂತ ಈ ಒಂದು ಪೆಟ್ಟಿಗೆ ಸೇರಿಸಿದ್ದೇ ಹೆಚ್ಚು.

ಬಾಂಬುಗಳ ಸ್ಟ್ರಾನ್ಷಿಯಂ ಹಂಚಿಕೆ ಇದಕ್ಕೆ ಉಲ್ಟಾ. ಹೆಚ್ಚಿನ ಪರೀಕ್ಷೆಗಳು ಉತ್ತರದಲ್ಲಿ ನಡೆದಿದ್ದರಿಂದ ಬಹುಪಾಲು ಉತ್ತರಕ್ಕೇ ಬಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಸಮಭಾಜಕ ಗಾಳಿಗೆ ಎಷ್ಟು ದೊಡ್ಡ ಅಡ್ಡಗಟ್ಟೆ ಎಂಬುದು ಅಂಕಿಗಳಲ್ಲಿ ಸಿಕ್ಕಿತು.

ಈ ಅಪಘಾತದ ನಂತರ ಅಮೆರಿಕ ತರ್ಕ ಬದಲಿಸಿತು. ಇಂಥ ಪೆಟ್ಟಿಗೆಗಳು ಸುಡದೆ ಇಡಿಯಾಗಿ ಬೀಳಬೇಕೆಂದು ಗಟ್ಟಿ ಕವಚ ಹಾಕತೊಡಗಿದರು. 1970ರಲ್ಲಿ ಅಪೊಲೊ-13 ಚಂದ್ರನ ಮೇಲಿಳಿಯದೆ ಮರಳಿದಾಗ ಅದರ ಪ್ಲುಟೋನಿಯಂ ಪೆಟ್ಟಿಗೆ ಪೆಸಿಫಿಕ್‌ನ ಟೊಂಗಾ ಕಂದಕಕ್ಕೆ ಬಿತ್ತು. ಅದು ಒಡೆದ ಕುರುಹು ಗಾಳಿಯಲ್ಲಾಗಲಿ ನೀರಿನಲ್ಲಾಗಲಿ ಸಿಗಲಿಲ್ಲ.

ಮುಂಬೈಯ ಕೆಲಸ, ಗೌರಿಬಿದನೂರಿನ ಕಿವಿ

ಭಾರತ ಆಗ ಬಾಂಬ್ ಇಲ್ಲದ ದೇಶ. ಬ್ರಾವೊ ಸಿಡಿದ ಒಂದು ತಿಂಗಳಿಗೆ, 1954ರ ಏಪ್ರಿಲ್ 2ರಂದು, ನೆಹರೂ ಲೋಕಸಭೆಯಲ್ಲಿ ಪರೀಕ್ಷೆಗಳನ್ನು ಇದ್ದಲ್ಲಿಗೇ ನಿಲ್ಲಿಸಬೇಕೆಂದು ಕರೆಕೊಟ್ಟರು. 1956ರಲ್ಲಿ ಡಿ.ಎಸ್. ಕೊಠಾರಿ ಮತ್ತಿತರರು ಸಿದ್ಧಪಡಿಸಿದ ಅಣುಸ್ಫೋಟದ ಪರಿಣಾಮಗಳ ಪುಸ್ತಕವನ್ನು ಸರ್ಕಾರವೇ ಪ್ರಕಟಿಸಿತು. ವಿಕಿರಣದ ಪರಿಣಾಮಗಳ ಅಧ್ಯಯನಕ್ಕೆ ವಿಶ್ವಸಂಸ್ಥೆ 1955ರಲ್ಲಿ ನೇಮಿಸಿದ ವೈಜ್ಞಾನಿಕ ಸಮಿತಿಯ ಮೊದಲ ಸದಸ್ಯ ದೇಶಗಳಲ್ಲಿ ಭಾರತವೂ ಇತ್ತು.

ಇದರ ಜತೆ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಬೇರೊಂದು ಬಗೆಯ ಕೆಲಸ ನಡೆಯುತ್ತಿತ್ತು. ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳು ಗಾಳಿಯ ಪರಮಾಣುಗಳಿಗೆ ಬಡಿದು ಬೆರಿಲಿಯಂ-7, ರಂಜಕ-32ನಂಥ ವಿಕಿರಣಶೀಲ ಧಾತುಗಳನ್ನು ಸದಾ ತಯಾರಿಸುತ್ತಿರುತ್ತವೆ. ಹೆಚ್ಚು ತಯಾರಾಗುವುದು ಸಮೋಷ್ಣ ಮಂಡಲದಲ್ಲೇ. ಯಾರೂ ಬಾಂಬ್ ಸಿಡಿಸದಿದ್ದರೂ ಮೇಲಿನ ಗಾಳಿಗೆ ಪ್ರಕೃತಿಯೇ ಗುರುತು ಹಾಕಿಟ್ಟಿದೆ. ದೇವೇಂದ್ರ ಲಾಲ್, ರಾಮ ಮತ್ತು ಸಂಗಡಿಗರು ಮಳೆನೀರಿನಲ್ಲಿ ಈ ಧಾತುಗಳನ್ನು ಹುಡುಕಿ ಅಳೆದರು. ಲಾಲ್, ರಾಮ ಹಾಗೂ ನರೇಂದ್ರ ಭಂಡಾರಿ 1966ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಈ ಸಹಜ ಗುರುತುಗಳನ್ನೂ ಬಾಂಬುಗಳು ಬಿಟ್ಟ ಗುರುತುಗಳನ್ನೂ ಜತೆಗಿಟ್ಟು ಸಮೋಷ್ಣ ಮಂಡಲದ ಚಲನೆ ವಿವರಿಸಿದರು. ನನಗೆ ಈ ಇಡೀ ಕತೆಯಲ್ಲಿ ಹೆಚ್ಚು ಇಷ್ಟವಾಗುವ ಭಾಗ ಇದು. ಯಾರ ಮೂಳೆಯನ್ನೂ ಕೇಳದೆ, ಯಾವ ದ್ವೀಪವನ್ನೂ ಸುಡದೆ ಅದೇ ಪ್ರಶ್ನೆಗೆ ಉತ್ತರ ಹುಡುಕುವ ದಾರಿಯೂ ಇತ್ತು.

ನಮ್ಮ ಪಾಲಿಗೆ ಬಿದ್ದದ್ದು ಎಷ್ಟು? ಸೋರಿಕೆಯ ಮುಖ್ಯ ಪಟ್ಟಿ 40-50 ಡಿಗ್ರಿ ಉತ್ತರದಲ್ಲಿ. ಕರ್ನಾಟಕ ಇರುವುದು 12ರಿಂದ 18 ಡಿಗ್ರಿಯೊಳಗೆ. ಹಾಗಾಗಿ ನಮ್ಮಂಥ ನಾಡುಗಳಿಗೆ ಸಿಕ್ಕ ಪಾಲು ಯುರೋಪಿಗಿಂತ ಕಡಿಮೆ. ಆದರೆ ಒಂದೇ ಅಕ್ಷಾಂಶದಲ್ಲಿ ಮಳೆ ಹೆಚ್ಚಾದಷ್ಟೂ ಬೂದಿ ಹೆಚ್ಚು ಇಳಿಯುತ್ತದೆ ಎಂಬುದು ಎಲ್ಲ ಕಡೆ ಕಂಡ ನಿಯಮ. ಆ ಲೆಕ್ಕದಲ್ಲಿ ಘಟ್ಟದ ಮಳೆಕಾಡಿಗೂ ಬಯಲುಸೀಮೆಗೂ ಪಾಲು ಒಂದೇ ಆಗಿರಲಾರದು.

1961-62ರಲ್ಲಿ ಅಮೆರಿಕ, ಸೋವಿಯತ್ ಎರಡೂ ಬಣಗಳು ಪೈಪೋಟಿಗೆ ಬಿದ್ದು ಸಿಡಿಸಿದವು. 1961ರ ಅಕ್ಟೋಬರ್ 30ರ ಸೋವಿಯತ್ ‘ತ್ಸಾರ್ ಬಾಂಬಾ’ ಒಂದೇ 50 ಮೆಗಾಟನ್, ಅದರ ಮೋಡ 60 ಕಿ.ಮೀ. ದಾಟಿತು. 1963ರಲ್ಲಿ ನೆಲಕ್ಕೆ ಬಿದ್ದ ಸ್ಟ್ರಾನ್ಷಿಯಂ ಎಲ್ಲ ವರ್ಷಗಳಿಗಿಂತ ಹೆಚ್ಚು. ಆ ವರ್ಷ ಜಗತ್ತಿನ ಜನರಿಗೆ ಪರೀಕ್ಷೆಗಳಿಂದ ತಗಲಿದ ಸರಾಸರಿ ವಿಕಿರಣ, ಮಣ್ಣು ಕಲ್ಲು ಆಕಾಶದಿಂದ ಸದಾ ತಗಲುವುದರ ಶೇ 5ರ ಆಸುಪಾಸು. ಸರಾಸರಿಯಲ್ಲಿ ಸಣ್ಣದು ನಿಜ, ಆದರೆ ರೊಂಗೆಲಾಪ್‌ನ ಜನ ಸರಾಸರಿಯೊಳಗೆ ಕಾಣುವುದಿಲ್ಲ. ಅದೇ ಆಗಸ್ಟ್ 5ರಂದು ಮಾಸ್ಕೋದಲ್ಲಿ ಭಾಗಶಃ ಪರೀಕ್ಷಾ ನಿಷೇಧ ಒಪ್ಪಂದಕ್ಕೆ ಸಹಿ ಬಿತ್ತು. ಫ್ರಾನ್ಸ್ ಮತ್ತು ಚೀನಾ ಸೇರಲಿಲ್ಲ. ಚೀನಾ ವಾಯುಮಂಡಲದಲ್ಲಿ ಕೊನೆಯ ಬಾಂಬ್ ಸಿಡಿಸಿದ್ದು 1980ರ ಅಕ್ಟೋಬರಿನಲ್ಲಿ.

ಉಳಿದವರು ಭೂಗತರಾದರು. ಹಾಗಾಗಿ ಕಾಗದದ ಜತೆಗೆ ನೆಲಕ್ಕೆ ಕಿವಿಗೊಡುವ ಉಪಕರಣಗಳೂ ಬೇಕಾದವು. ಗೌರಿಬಿದನೂರಿನ ಭೂಕಂಪ ಮಾಪಕಗಳ ಜಾಲ 1965ರಿಂದ ದೂರದೇಶಗಳ ಭೂಗತ ಸ್ಫೋಟಗಳನ್ನು ಕೇಳಿಸಿಕೊಳ್ಳುತ್ತ ಬಂದಿರುವುದು ಆ ಬದಲಾವಣೆಯ ಫಲ.

ಮತ್ತೆ ಅದೇ ಎತ್ತರದಲ್ಲಿ

ಆ ಬೂದಿಯಿಂದ ಇನ್ನೂ ಕೆಲಸ ತೆಗೆಯುತ್ತಿದ್ದಾರೆ. ಬಾಂಬುಗಳ ನ್ಯೂಟ್ರಾನುಗಳು ಗಾಳಿಯ ಸಾರಜನಕಕ್ಕೆ ಬಡಿದು ಇಂಗಾಲ-14 ಹುಟ್ಟಿಸಿದವು. 1963ರ ಸುಮಾರಿಗೆ ಉತ್ತರ ಗೋಳಾರ್ಧದ ಗಾಳಿಯಲ್ಲಿ ಅದರ ಪ್ರಮಾಣ ಹೆಚ್ಚುಕಡಿಮೆ ಎರಡು ಪಟ್ಟಾಯಿತು. ಅಂದಿನಿಂದ ಇಳಿಯುತ್ತಿರುವ ಆ ಮಟ್ಟಕ್ಕೆ ಹೋಲಿಸಿ ಗುರುತು ಸಿಗದ ಶವದ ಹಲ್ಲಿನಿಂದ ಹುಟ್ಟಿದ ವರ್ಷ ಅಂದಾಜಿಸುತ್ತಾರೆ. ಕೆರೆತಳದ ಹೂಳಿನಲ್ಲಿ ಸೀಸಿಯಂ-137 ಏರಿದ ಪದರ ಸಿಕ್ಕರೆ ಅದು 1963 ಎಂದು ಲೆಕ್ಕ. ಬ್ರಿಟನ್ನಿನ ರೀಡಿಂಗ್ ವಿಶ್ವವಿದ್ಯಾಲಯದ ಜೈಲ್ಸ್ ಹ್ಯಾರಿಸನ್ ತಂಡ 2020ರಲ್ಲಿ ಸ್ಕಾಟ್ಲೆಂಡಿನ ಶೆಟ್‌ಲೆಂಡ್ ದ್ವೀಪದ 1962-64ರ ಹಳೆಯ ದಾಖಲೆ ತೆಗೆದು ನೋಡಿತು. ಬೂದಿಯಿಂದ ಗಾಳಿಯಲ್ಲಿ ವಿದ್ಯುದಾವೇಶ ಹೆಚ್ಚಿದ್ದ ದಿನಗಳಲ್ಲಿ ಮಳೆ ಸರಾಸರಿ ಶೇ 24ರಷ್ಟು ಹೆಚ್ಚಿತ್ತು.

ದೊಡ್ಡ ಉಪಯೋಗ ಇರುವುದು ಗಾಳಿಯ ಲೆಕ್ಕದಲ್ಲೇ. 1991ರಲ್ಲಿ ಫಿಲಿಪೀನ್ಸಿನ ಪಿನಾಟುಬೊ ಜ್ವಾಲಾಮುಖಿ ಉಗುಳಿದ ಗಂಧಕ ಎಷ್ಟು ಕಾಲ ಬಿಸಿಲು ತಡೆಯುತ್ತದೆ ಎಂಬ ಲೆಕ್ಕಕ್ಕೆ ಬೇಕಾದದ್ದು ಇದೇ ಜ್ಞಾನ. ಭೂಮಿ ತಂಪಾಗಿಸಲು ಸಮೋಷ್ಣ ಮಂಡಲಕ್ಕೆ ಬೇಕೆಂದೇ ಗಂಧಕ ಸಿಂಪಡಿಸೋಣ ಎನ್ನುವವರು ಕೂಡ ಯಾವ ಅಕ್ಷಾಂಶದಲ್ಲಿ, ಎಷ್ಟು ಎತ್ತರದಲ್ಲಿ ಎಂದು ಮೊದಲು ಹೇಳಬೇಕಾಗುತ್ತದೆ. ಗಣಕದ ಮಾದರಿಗಳು ಸರಿಯೇ ಎಂದು ಒರೆಗೆ ಹಚ್ಚಲು ಬಾಂಬ್ ಕಾಲದ ಕಾಗದಗಳ ಅಂಕಿಗಳು ಇಂದಿಗೂ ಬೇಕು.

2023ರ ಆರಂಭದಲ್ಲಿ ಅಲಾಸ್ಕಾದಿಂದ ನಾಸಾದ ಡಬ್ಲ್ಯುಬಿ-57 ವಿಮಾನ ಅದೇ ಎತ್ತರಕ್ಕೆ ಹಾರಿತು. ಅರವತ್ತು, ಎಪ್ಪತ್ತರ ದಶಕಗಳಲ್ಲಿ ಬಾಂಬ್ ಬೂದಿ ಹಿಡಿಯಲು ಹೋಗುತ್ತಿದ್ದ ವಿಮಾನಗಳ ಸಾಲಿನದೇ ಅದು. ಈ ಬಾರಿ ಸಿಕ್ಕಿದ್ದು ಅಲ್ಯೂಮಿನಿಯಂ, ತಾಮ್ರ, ಲಿಥಿಯಂನಂಥ ಲೋಹಗಳು. ಕೆಲಸ ಮುಗಿದ ಉಪಗ್ರಹಗಳು, ರಾಕೆಟ್ ತುಣುಕುಗಳು ಮರಳಿ ಬೀಳುವಾಗ ಉರಿದು ಉಳಿದ ಪುಡಿ. ಅಲ್ಲಿನ ಗಂಧಕಾಮ್ಲದ ಕಣಗಳಲ್ಲಿ, ತೀರಾ ಸಣ್ಣವನ್ನು ಬಿಟ್ಟರೆ, ಶೇ 10ರಷ್ಟರಲ್ಲಿ ಈ ಲೋಹಗಳಿದ್ದವು. ಸಾವಿರಾರು ಇಂಟರ್ನೆಟ್ ಉಪಗ್ರಹಗಳು ಮುಂದಿನ ವರ್ಷಗಳಲ್ಲಿ ಹೀಗೆಯೇ ಸುಟ್ಟು ಬೀಳಲಿವೆ, ಹಾಗೆ ಬೀಳುವಂತೆಯೇ ರೂಪಿಸಿದ್ದಾರೆ. ಆ ಲೋಹದ ಪುಡಿ ಓಝೋನಿಗೆ ಏನು ಮಾಡುತ್ತದೆ ಎಂಬ ಲೆಕ್ಕ ಈಗ ಶುರುವಾಗಿದೆ, ಉಪಗ್ರಹಗಳು ಮೇಲೆ ಹೋದ ನಂತರ.